ಕೊರಿಯಾದ ಹಾನಿವನ್‌ಗೆ ಹೋಗುವ ಕನ್ನಡಿಗರಿಗೆ

ದಕ್ಷಿಣ ಕೊರಿಯಾದ ಯಾವ ಊರಿನ ಯಾವ ಪೇಟೆಬೀದಿಗೆ ಹೋದರೂ, ಕಾಫಿ ಅಂಗಡಿಯ ಮೇಲಿನ ಎರಡನೆಯ ಮಹಡಿಯಲ್ಲೋ ದಂತವೈದ್ಯರ ಪಕ್ಕದಲ್ಲೋ ಪಾರಂಪರಿಕ ಚಿಕಿತ್ಸಾಲಯದ ಫಲಕವೊಂದು ಕಂಡೇ ಕಾಣುತ್ತದೆ. ಅಲ್ಲಿನವರ ಆಡುಮಾತಿನಲ್ಲಿ ಅದರ ಹೆಸರು ‘ಹಾನಿವನ್’ ಎಂದು ಕೇಳಿಸುತ್ತದೆ, ವೈದ್ಯರನ್ನು ‘ಹಾನಿಸಾ’ ಎನ್ನುತ್ತಾರೆ. ಕನ್ನಡದ ಕಿವಿಗೆ ಇದು ಅಪಶಕುನದಂತೆ ಕೇಳಿಸಿದರೂ ಅದರಲ್ಲಿರುವ ‘ಹಾನ್’ ಎಂಬುದು ಕೊರಿಯಾ ದೇಶದ ಹೆಸರಷ್ಟೆ. ಸುವಾನ್, ಹ್ವಾಸೊಂಗ್ ಕಡೆ ಚಿಪ್ ಕಂಪನಿಗಳಲ್ಲಿ ದುಡಿಯುವವರು, ದೇಜಾನ್‌ನಲ್ಲಿ ಸಂಶೋಧನೆಗೆಂದು ಬಂದ ವಿದ್ಯಾರ್ಥಿಗಳು, ಅವರನ್ನು ನೋಡಲು ಊರಿನಿಂದ ಬಂದ ಅಪ್ಪ ಅಮ್ಮಂದಿರು, ಹೀಗೆ ಈ ಬಾಗಿಲನ್ನು ತಳ್ಳುವ ಕನ್ನಡಿಗರು ಈಗ ಅಪರೂಪವಲ್ಲ. ಸುವಾನ್‌ನಲ್ಲಿ ಏಳು ವರ್ಷದಿಂದ ಇರುವ ನಾನು ಕತ್ತುನೋವಿಗೂ ಅಜೀರ್ಣಕ್ಕೂ ಹಲವು ಬಾರಿ ಅಲ್ಲಿಗೆ ಹೋಗಿ ಬಂದಿದ್ದೇನೆ. ಮೊದಲ ಸಲ ಹೋಗುವವರು ಏನನ್ನು ಸಿದ್ಧಮಾಡಿಕೊಳ್ಳಬೇಕು, ಏನನ್ನು ಕೇಳಬೇಕು, ಯಾವುದಕ್ಕೆ ಬೇಡವೆನ್ನಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ವೈದ್ಯರು ಯಾರು ಎಂಬುದನ್ನು ಮೊದಲು ತಿಳಿಯಿರಿ

ಹಾನಿಸಾ ಎಂದರೆ ಮನೆತನದಿಂದ ಬಂದ ನಾಟಿ ವೈದ್ಯರಲ್ಲ. 1951ರ ಕಾನೂನಿನಿಂದ ಕೊರಿಯಾದಲ್ಲಿ ಎರಡು ಬಗೆಯ ವೈದ್ಯ ಪರವಾನಗಿಗಳು ಸಮಾನವಾಗಿ ನಡೆದುಬಂದಿವೆ, ಅವುಗಳಲ್ಲಿ ಒಂದು ಇವರದು. ಹನ್ನೊಂದು ಖಾಸಗಿ ಕಾಲೇಜುಗಳಲ್ಲಿ ಆರು ವರ್ಷದ ಓದು ಇದೆ, ಜೊತೆಗೆ ಪುಸಾನ್ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಒಂದು ಸರ್ಕಾರಿ ಶಾಲೆ ಇದೆ. ಓದು ಮುಗಿಸಿ ರಾಷ್ಟ್ರಮಟ್ಟದ ಪರೀಕ್ಷೆ ಪಾಸಾದ ಮೇಲೆ ಆರೋಗ್ಯ ಸಚಿವಾಲಯ ಪರವಾನಗಿ ಕೊಡುತ್ತದೆ. ನಮ್ಮ ಬಿ.ಎ.ಎಂ.ಎಸ್. ವೈದ್ಯರೊಂದಿಗೆ ಹೋಲಿಸಿದರೆ ಸುಮಾರಾಗಿ ಸರಿಹೋಗುತ್ತದೆ. ಆದರೆ ನಮ್ಮ ಕಡೆಯ ಕೆಲವು ಆಯುರ್ವೇದ ವೈದ್ಯರು ಕಷಾಯದ ಜೊತೆಗೆ ಜ್ವರದ ಮಾತ್ರೆಯನ್ನೂ ಬರೆದುಕೊಡುವ ರೂಢಿ ಇಲ್ಲಿಲ್ಲ. ಹಾನಿಸಾ ಅಲೋಪತಿ ಔಷಧಿ ಬರೆಯುವಂತಿಲ್ಲ, ಅಲೋಪತಿ ವೈದ್ಯರು ಇವರ ಸೂಜಿ ಚಿಕಿತ್ಸೆ, ಅಂದರೆ ಆಕ್ಯುಪಂಕ್ಚರ್, ಮಾಡುವಂತಿಲ್ಲ. ಆದ್ದರಿಂದ ಆ್ಯಂಟಿಬಯಾಟಿಕ್ ಬೇಕಾದ ಗಂಟಲು ನೋವನ್ನು ಹೊತ್ತು ಇಲ್ಲಿಗೆ ಬಂದರೆ ಮತ್ತೊಂದು ಬಾಗಿಲಿಗೆ ಅಲೆಯಬೇಕಾಗುತ್ತದೆ.

ಇದನ್ನು ಚೀನಾದ ವೈದ್ಯ ಎಂದು ಕರೆದರೆ ಅವರಿಗೆ ಸ್ವಲ್ಪ ಇರಿಸುಮುರಿಸಾಗುತ್ತದೆ. ಬೇರು ಅಲ್ಲಿಯದೇ ಆದರೂ ಹೊ ಜುನ್ ಎಂಬ ರಾಜವೈದ್ಯ ಬರೆದು 1613ರಲ್ಲಿ ಅಚ್ಚಾದ ‘ದೊಂಗೂಯಿ ಬೊಗಾಮ್’ ಗ್ರಂಥವನ್ನು ಅವರು ತಮ್ಮ ಪರಂಪರೆಯ ಆಧಾರವೆಂದು ಎಣಿಸುತ್ತಾರೆ, 2009ರಲ್ಲಿ ಯುನೆಸ್ಕೊ ಅದನ್ನು ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಲೀ ಜೆ-ಮಾ ಎಂಬವರು ಮನುಷ್ಯರನ್ನು ತೆಯಾಂಗ್, ಸೋಯಾಂಗ್, ತೆಉಮ್, ಸೋಉಮ್ ಎಂದು ನಾಲ್ಕು ದೇಹಪ್ರಕೃತಿಗಳಾಗಿ ವಿಂಗಡಿಸಿದರು. ವಾತ, ಪಿತ್ತ, ಕಫ ಕೇಳಿ ಬೆಳೆದ ನಮಗೆ ಈ ಮಾತು ಬೇಗ ಹಿಡಿಸುತ್ತದೆ. ಆದರೆ ‘ನಾನು ಪಿತ್ತ ಪ್ರಕೃತಿಯವನು, ಹಾಗಾದರೆ ಸೋಯಾಂಗ್ ಇರಬೇಕು’ ಎಂದು ನೀವೇ ಹೊಂದಿಸಿಕೊಂಡು ಹೇಳಬೇಡಿ, ಎರಡೂ ಬೇರೆ ಬೇರೆ ಲೆಕ್ಕಾಚಾರಗಳು.

ಯಾವುದಕ್ಕೆ ಹೋಗಬೇಕು, ಯಾವುದಕ್ಕೆ ಬೇಡ

ಕೊರಿಯನ್ನರು ಸ್ವತಃ ಇಲ್ಲಿಗೆ ಹೆಚ್ಚಾಗಿ ಬರುವುದು ಸೊಂಟ, ಕತ್ತು, ಭುಜ, ಮಂಡಿ ನೋವುಗಳಿಗೆ, ಉಳುಕಿದ ಕಾಲಿಗೆ, ಮುಖದ ಪಾರ್ಶ್ವವಾಯುವಿಗೆ, ಅಜೀರ್ಣಕ್ಕೆ, ಮುಟ್ಟಿನ ನೋವಿಗೆ, ಹೆರಿಗೆಯ ನಂತರದ ಆರೈಕೆಗೆ. ಅದೇ ಅಂದಾಜನ್ನು ನೀವೂ ಇಟ್ಟುಕೊಳ್ಳಿ. ಬಿದ್ದು ಮೂಳೆ ಮುರಿದಿರುವ ಅನುಮಾನವಿದ್ದರೆ ಮೊದಲು ಮೂಳೆ ವೈದ್ಯರ ಬಳಿ ಎಕ್ಸ್‌ರೇ ಮಾಡಿಸಿಕೊಳ್ಳಿ. ಮಾತು ತೊದಲಿದರೆ, ಬಾಯಿಯ ಜೊತೆಗೆ ಕೈಯೂ ಶಕ್ತಿಗುಂದಿದರೆ, ಎದೆ ಬಿಗಿದು ಬೆವರಿದರೆ, ಬೆನ್ನುನೋವಿನ ಜೊತೆಗೆ ಮೂತ್ರದ ಹಿಡಿತ ತಪ್ಪಿದರೆ ತುರ್ತು ಸೇವೆಯ 119ಕ್ಕೆ ಕರೆಮಾಡಿ. ಇಂಥ ಹೊತ್ತಿನಲ್ಲಿ ‘ಒಮ್ಮೆ ಸೂಜಿ ಹಾಕಿಸಿ ನೋಡೋಣ’ ಎನ್ನುವುದು ಅಪಾಯ.

ಸಣ್ಣ ಚಿಕಿತ್ಸಾಲಯವೋ ದೊಡ್ಡ ಆಸ್ಪತ್ರೆಯೋ

ಮನೆಯ ಹತ್ತಿರದ ಹಾನಿವನ್‌ನಲ್ಲಿ ಸಾಮಾನ್ಯವಾಗಿ ಒಬ್ಬರೋ ಇಬ್ಬರೋ ವೈದ್ಯರಿರುತ್ತಾರೆ. ಕಾಯುವ ಸಮಯ ಕಡಿಮೆ, ಖರ್ಚೂ ಕಡಿಮೆ, ವಾರಕ್ಕೆ ಎರಡು ಬಾರಿ ಹೋಗಿಬರುವುದಕ್ಕೆ ಅನುಕೂಲ, ಆದರೆ ಇಂಗ್ಲಿಷ್ ಸಿಕ್ಕರೆ ಪುಣ್ಯ. ಇವುಗಳಿಗಿಂತ ದೊಡ್ಡವು ‘ಹಾನ್‌ಬಾಂಗ್’, ಅಂದರೆ ಪಾರಂಪರಿಕ ವೈದ್ಯದ, ಆಸ್ಪತ್ರೆಗಳು. ರಾಜಧಾನಿ ಸೋಲ್‌ನ ಕ್ಯೊಂಗ್ ಹೀ ವಿಶ್ವವಿದ್ಯಾಲಯದ ಪಾರಂಪರಿಕ ಆಸ್ಪತ್ರೆ, ಬೆನ್ನುಹುರಿಯ ತೊಂದರೆಗಳಿಗೆ ಹೆಸರಾದ ಗಾಂಗ್ನಾಮ್‌ನ ಜಾಸೆಂಗ್ ಆಸ್ಪತ್ರೆ ಇಂಥವು. ಹೊರದೇಶದವರಿಗೆಂದೇ ವಿಭಾಗ, ದುಭಾಷಿಗಳು, ಕೆಲವು ಕಡೆ ಎಂ.ಆರ್.ಐ. ಮಾಡುವ ಅಲೋಪತಿ ವೈದ್ಯರು ಒಂದೇ ಸೂರಿನಡಿ ಸಿಗುತ್ತಾರೆ. ಹಳೆಯ ಕಾಯಿಲೆಗೆ ಮೊದಲ ತಪಾಸಣೆಯನ್ನು ದೊಡ್ಡ ಕಡೆ ಮಾಡಿಸಿ, ಮುಂದಿನ ಸೂಜಿಗಳನ್ನು ಬೀದಿಯ ತಿರುವಿನ ಹಾನಿವನ್‌ನಲ್ಲಿ ಹಾಕಿಸಿಕೊಳ್ಳುವುದು ನನಗೆ ಸರಿಕಂಡ ದಾರಿ.

ಚಿಕಿತ್ಸೆಗೆಂದೇ ಭಾರತದಿಂದ ಬರುವವರ ವಿಚಾರ ಬೇರೆ. ಹೊರದೇಶದ ರೋಗಿಗಳನ್ನು ಆಹ್ವಾನಿಸಲು ಕೊರಿಯಾ 2009ರಲ್ಲಿ ಕಾನೂನಿನ ಬಾಗಿಲು ತೆರೆಯಿತು. ಆ ವರ್ಷ ಸುಮಾರು 60 ಸಾವಿರವಿದ್ದ ರೋಗಿಗಳ ಸಂಖ್ಯೆ 2024ರಲ್ಲಿ 11 ಲಕ್ಷವನ್ನು ದಾಟಿತು. ಅವರಲ್ಲಿ ದೊಡ್ಡ ಪಾಲು ಚರ್ಮದ ಚಿಕಿತ್ಸೆಯದು, ಪಾರಂಪರಿಕ ವೈದ್ಯಕ್ಕೆ ಬರುವವರು ಅದರಲ್ಲೊಂದು ಸಣ್ಣ ಗುಂಪು. 2016ರಲ್ಲಿ ಜಾರಿಗೆ ಬಂದ ಪ್ರತ್ಯೇಕ ಕಾಯಿದೆಯ ಪ್ರಕಾರ, ಹೀಗೆ ರೋಗಿಗಳನ್ನು ಕರೆತರುವ ಆಸ್ಪತ್ರೆಗಳೂ ಮಧ್ಯವರ್ತಿ ಕಂಪನಿಗಳೂ ಸರ್ಕಾರದಲ್ಲಿ ನೋಂದಾಯಿಸಿಕೊಂಡಿರಬೇಕು, ಆಸ್ಪತ್ರೆಗಳು ವೈದ್ಯಕೀಯ ಅವಘಡಗಳಿಗೆ ಪರಿಹಾರ ಕೊಡುವ ವಿಮೆಯನ್ನೂ ಮಾಡಿಸಿರಬೇಕು. ಮುಂಗಡ ಹಣ ಕಳಿಸುವ ಮೊದಲು ನೋಂದಣಿ ಪತ್ರವನ್ನು ಕೇಳಿ ತರಿಸಿಕೊಳ್ಳಿ. 90 ದಿನದೊಳಗಿನ ಚಿಕಿತ್ಸೆಗೆ ಸಿ-3-3, ಅದಕ್ಕಿಂತ ದೀರ್ಘವಾದದ್ದಕ್ಕೆ ಜಿ-1-10 ಎಂಬ ವೀಸಾಗಳಿವೆ. ಪ್ರವಾಸಕ್ಕೆಂದು ಬಂದಾಗ ಹಠಾತ್ತನೆ ಸೊಂಟ ಹಿಡಿದರೆ 1330 ಎಂಬ ಪ್ರವಾಸಿ ಸಹಾಯವಾಣಿಗೆ ಫೋನ್ ಮಾಡಿ, ಅಲ್ಲಿ ಇಂಗ್ಲಿಷ್‌ನಲ್ಲಿ ಮಾತಾಡುವವರಿದ್ದಾರೆ.

ವಿಮೆ ಮತ್ತು ಖರ್ಚು

ಆರು ತಿಂಗಳಿಗಿಂತ ಹೆಚ್ಚು ಕಾಲ ನೆಲೆಸುವ ವಿದೇಶಿಯರು 2019ರ ಜುಲೈನಿಂದಲೂ ವಿದೇಶಿ ವಿದ್ಯಾರ್ಥಿಗಳು 2021ರ ಮಾರ್ಚ್‌ನಿಂದಲೂ ಕೊರಿಯಾದ ರಾಷ್ಟ್ರೀಯ ಆರೋಗ್ಯ ವಿಮೆಗೆ ಸೇರಲೇಬೇಕು. ಈ ವಿಮೆಯಿದ್ದರೆ ಲೆಕ್ಕದಲ್ಲಿ ನೀವು ಕೊರಿಯನ್ನರಂತೆಯೇ. ಸೂಜಿ, ಮೈಗೆ ಬಟ್ಟಲು ಹಚ್ಚಿ ಚರ್ಮ ಎಳೆಯುವುದು, ಶಾಖ ಕೊಡುವುದು ಇವೆಲ್ಲ 1987ರಿಂದಲೇ ವಿಮೆಯೊಳಗಿವೆ, ಸಣ್ಣ ಹಾನಿವನ್‌ನಲ್ಲಿ ನಿಮ್ಮ ಪಾಲು ಸಾಮಾನ್ಯವಾಗಿ ಶೇಕಡಾ 30. ಒಂದು ಭೇಟಿಗೆ ಹತ್ತು ಸಾವಿರ ವಾನ್ ಆಸುಪಾಸಿನಲ್ಲಿ ಮುಗಿಯುತ್ತದೆ. ಕೈಯಿಂದ ಒತ್ತಿ ಮೂಳೆ ಕೀಲುಗಳನ್ನು ಸರಿಪಡಿಸುವ ‘ಚುನಾ’ ಚಿಕಿತ್ಸೆ 2019ರ ಏಪ್ರಿಲ್‌ನಲ್ಲಿ ವಿಮೆಗೆ ಸೇರಿತು. ಅದರಲ್ಲಿ ರೋಗಿಯ ಪಾಲು ಶೇಕಡಾ 50 ಅಥವಾ 80, ವರ್ಷಕ್ಕೆ 20 ಬಾರಿ ಮಾತ್ರ. 2024ರ ಮೇ 20ರಿಂದ ಗುರುತಿನ ಚೀಟಿ ತೋರಿಸುವುದು ಕಡ್ಡಾಯವಾಗಿದೆ, ಆದ್ದರಿಂದ ನಿವಾಸಿ ಕಾರ್ಡ್ ಮನೆಯಲ್ಲಿ ಮರೆತು ಹೋಗಬೇಡಿ.

ಜೇಬಿಗೆ ಕತ್ತರಿ ಬೀಳುವುದು ಕಷಾಯದಲ್ಲಿ. ಪುಡಿರೂಪದ 56 ಯೋಗಗಳಿಗೆ, ಅಂದರೆ ಮೂಲಿಕೆಗಳ ನಿಗದಿತ ಮಿಶ್ರಣಗಳಿಗೆ, ವಿಮೆಯಿದೆ, ಅವು ಅಗ್ಗ. ನಿಮಗೆಂದೇ ಕುದಿಸಿ ಕೊಡುವ ಕಷಾಯಕ್ಕೆ ಪ್ರಾಯೋಗಿಕ ಯೋಜನೆಯಡಿ ಬರುವ ಕೆಲವೇ ಕಾಯಿಲೆಗಳನ್ನು ಬಿಟ್ಟರೆ ವಿಮೆಯಿಲ್ಲ, ಒಂದು ತಿಂಗಳಿನದು ಕೆಲವು ಲಕ್ಷ ವಾನ್ ಆಗುತ್ತದೆ. ‘ಇದು ವಿಮೆಯೊಳಗೆ ಬರುತ್ತದೆಯೇ?’ ಎಂದು ಪ್ರತಿಯೊಂದಕ್ಕೂ ಮುಂಚೆಯೇ ಕೇಳುವುದು ಅಲ್ಲಿ ಅವಮಾನದ ವಿಷಯವಲ್ಲ, ಕೊರಿಯನ್ ಅಜ್ಜಿಯರು ನಮಗಿಂತ ಜೋರಾಗಿಯೇ ಕೇಳುತ್ತಾರೆ. ರಸ್ತೆ ಅಪಘಾತದಲ್ಲಿ ಪೆಟ್ಟಾಗಿದ್ದರೆ ವಾಹನ ವಿಮೆಯಲ್ಲಿ ಈ ಚಿಕಿತ್ಸೆಯೂ ಸೇರಿದೆ. ಟ್ಯಾಕ್ಸಿಯಲ್ಲಿ ಕೂತಿದ್ದಾಗ ಹಿಂದಿನಿಂದ ಗುದ್ದಿಸಿಕೊಂಡು ಕತ್ತು ಹಿಡಿದವರು ಇದನ್ನು ತಿಳಿಯದೆ ಕೈಯಿಂದ ಹಣ ಕಟ್ಟಿದ್ದುಂಟು.

ನೋವಿಗೆ ಮಾತು ಹುಡುಕಿಕೊಂಡು ಹೋಗಿ

ಇಡೀ ಲೇಖನದಲ್ಲಿ ಒಂದೇ ಭಾಗವನ್ನು ಓದುವಷ್ಟು ಸಮಯವಿದ್ದರೆ ಇದನ್ನು ಓದಿ. ನೋಡುವುದು, ಆಲಿಸುವುದು, ಕೇಳುವುದು, ಮುಟ್ಟುವುದು ಎಂಬ ನಾಲ್ಕು ಬಗೆಯ ಪರೀಕ್ಷೆಯಿಂದ ಹಾನಿಸಾ ರೋಗವನ್ನು ಗುರುತಿಸುತ್ತಾರೆ. ಸಣ್ಣ ಚಿಕಿತ್ಸಾಲಯದಲ್ಲಿ ಸಾಮಾನ್ಯವಾಗಿ ರಕ್ತಪರೀಕ್ಷೆಯ ಹಾಳೆಯಾಗಲಿ ಸ್ಕ್ಯಾನ್ ಆಗಲಿ ಅವರ ಕೈಯಲ್ಲಿರುವುದಿಲ್ಲ. ನಾಡಿ ಹಿಡಿದು, ನಾಲಿಗೆ ನೋಡಿದ ಮೇಲೆ ಉಳಿಯುವುದು ನಿಮ್ಮ ಮಾತು, ಆ ಮಾತೇ ಮುರುಕಾದರೆ ಚಿಕಿತ್ಸೆಯೂ ಅಂದಾಜಿನ ಮೇಲೆಯೇ ನಡೆಯುತ್ತದೆ.

ನನ್ನ ಮೊದಲ ಭೇಟಿಯಲ್ಲಿ ನನಗೆ ಗೊತ್ತಿದ್ದದ್ದು ‘ಆಪಾಯೊ’, ನೋವಾಗುತ್ತಿದೆ, ಎಂಬ ಒಂದೇ ಪದ. ಕತ್ತು ತೋರಿಸಿ ಅದನ್ನೇ ನಾಲ್ಕು ಸಲ ಹೇಳಿದೆ. ವೈದ್ಯರು ತಾಳ್ಮೆಯಿಂದ ಮೂರು ಪದಗಳನ್ನು ಕೇಳಿದರು, ನಾನು ಮೂರಕ್ಕೂ ತಲೆಯಾಡಿಸಿದೆ. ಭುಜಕ್ಕೆ ಸೂಜಿ ಬಿದ್ದವು, ಸ್ವಲ್ಪ ಹಾಯೆನಿಸಿತು, ಮರುದಿನ ಮತ್ತೆ ಅದೇ ಕಥೆ. ಎರಡನೆಯ ಸಲ ಸಹೋದ್ಯೋಗಿಯೊಬ್ಬರಿಂದ ಪದಗಳನ್ನು ಕಲಿತು ಹೋದೆ. ‘ಜೊರ್ಯೊಯೊ’ ಎಂದರೆ ಜೋಮು ಹಿಡಿಯುವುದು. ‘ಪ್ಪೊಗುನ್ಹೆಯೊ’ ಎಂದರೆ ಬಿಗಿದು ಭಾರವಾಗಿರುವುದು. ‘ಸ್ಸುಷ್ಯೊಯೊ’ ಎಂದರೆ ಒಳಗಿನಿಂದ ಕುಟುಕಿದಂತೆ, ನಾವು ಎಲುಬು ಸೆಳೆಯುತ್ತದೆ ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ. ಕತ್ತು ಬಿಗಿಯುವುದಕ್ಕಿಂತ ಕಿರುಬೆರಳಿಗೆ ಜೋಮು ಇಳಿಯುವುದೇ ಹೆಚ್ಚು ಎಂದು ಹೇಳಿದೊಡನೆ ವೈದ್ಯರ ಮುಖದ ಗೆರೆ ಬದಲಾಯಿತು. ಕೈಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿ, ಮೊದಲು ಎಂ.ಆರ್.ಐ. ಮಾಡಿಸಿಕೊಂಡು ಬನ್ನಿ ಎಂದು ಅವರೇ ಕಳಿಸಿದರು.

ಆದ್ದರಿಂದ ಹಿಂದಿನ ದಿನವೇ ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದುಕೊಳ್ಳಿ: ನೋವು ಉರಿಯೋ, ಚುಚ್ಚೋ, ಸೆಳೆತವೋ, ಜೋಮೋ. ಬೆಳಿಗ್ಗೆ ಹೆಚ್ಚೋ ರಾತ್ರಿ ಹೆಚ್ಚೋ, ಶಾಖಕ್ಕೆ ತಗ್ಗುತ್ತದೆಯೋ ತಂಪಿಗೋ, ಎಲ್ಲಿ ಹುಟ್ಟಿ ಎಲ್ಲಿಗೆ ಇಳಿಯುತ್ತದೆ ಎಂಬುದನ್ನೂ ಸೇರಿಸಿ. ಆಮೇಲೆ ಅದನ್ನು ಕೊರಿಯನ್‌ಗೆ ಮಾಡಿಸಿ. ಫೋನಿನ ಅನುವಾದ ಆ್ಯಪ್ ಕನ್ನಡದ ‘ಚಳಕು’, ‘ಪಿತ್ತ ಕೆರಳಿದೆ’, ‘ಹೊಟ್ಟೆ ಕಿವಿಚುತ್ತದೆ’ ಇಂಥವುಗಳ ಮುಂದೆ ಸೋಲುತ್ತದೆ, ಹಾಗಾಗಿ ಚಿಕ್ಕ ಚಿಕ್ಕ ನೇರ ವಾಕ್ಯಗಳನ್ನೇ ಕೊಡಿ, ಸಾಧ್ಯವಾದರೆ ಕೊರಿಯನ್ ಬಲ್ಲವರೊಬ್ಬರಿಗೆ ತೋರಿಸಿ. ಊಟ, ನಿದ್ದೆ, ಮಲವಿಸರ್ಜನೆ, ಬೆವರು, ಕೈಕಾಲು ತಣ್ಣಗಾಗುವುದು, ಹೆಂಗಸರಿಗೆ ಮುಟ್ಟಿನ ಲೆಕ್ಕ, ಇವುಗಳನ್ನು ಕತ್ತುನೋವಿಗೂ ಕೇಳುತ್ತಾರೆ, ಮುಜುಗರ ಬೇಡ. ಖಾರ, ಹುಳಿ, ಮಜ್ಜಿಗೆ, ಬೆಳಗಿನ ಕಾಫಿ ಎಲ್ಲವನ್ನೂ ಹೇಳಿ, ಏಕೆಂದರೆ ನಮ್ಮ ಊಟ ಅವರ ಊಹೆಗೆ ಹೊರಗಿನದು. ಚಿಕಿತ್ಸಾಲಯದ ಮುಖ್ಯಸ್ಥರನ್ನು ‘ವೊನ್‌ಜಾಂಗ್‌ನಿಮ್’ ಎಂದು ಕರೆಯುವುದು ಅಲ್ಲಿಯ ಮರ್ಯಾದೆ, ಡಾಕ್ಟರ್ ಎಂದರೂ ತಪ್ಪೇನಿಲ್ಲ.

ಅದೇ ಹಾಳೆಯ ಹಿಂಬದಿಯಲ್ಲಿ ನೀವು ಈಗಾಗಲೇ ತೆಗೆದುಕೊಳ್ಳುವ ಔಷಧಿಗಳನ್ನು ಬರೆಯಿರಿ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಬಿ.ಪಿ. ಮಾತ್ರೆ ಇವುಗಳ ರಾಸಾಯನಿಕ ಹೆಸರು ಬೇಕು, ಭಾರತದ ಬ್ರಾಂಡ್ ಹೆಸರು ಅಲ್ಲಿ ಯಾರಿಗೂ ತಿಳಿಯುವುದಿಲ್ಲ. ಅಮ್ಮ ಊರಿನಿಂದ ಕಳಿಸಿದ ಅಶ್ವಗಂಧ ಲೇಹ್ಯವನ್ನು ಔಷಧವೆಂದೇ ಎಣಿಸದೆ ಬಿಟ್ಟುಬಿಡುವವರು ಬಹಳ. ಅದನ್ನೂ ‘ವಿಥಾನಿಯಾ ಸೋಮ್ನಿಫೆರಾ’ ಎಂಬ ಸಸ್ಯಶಾಸ್ತ್ರದ ಹೆಸರಿನಿಂದ ಬರೆಯಿರಿ, ಆಗ ವೈದ್ಯರು ಹುಡುಕಿ ನೋಡಬಲ್ಲರು. ಬಸುರಿಯಾಗಿದ್ದರೆ ಅಥವಾ ಆ ಅನುಮಾನವಿದ್ದರೆ ‘ಇಮ್‌ಶಿನ್’ ಎಂಬ ಪದವನ್ನು ಎಲ್ಲಕ್ಕಿಂತ ಮೊದಲು ಹೇಳಿ, ಆಗ ಕೆಲವು ಬಿಂದುಗಳಿಗೆ ಸೂಜಿ ಹಾಕುವುದಿಲ್ಲ, ಕೆಲವು ಮೂಲಿಕೆಗಳನ್ನು ಕೊಡುವುದಿಲ್ಲ.

ಹಾಸಿಗೆಯ ಮೇಲೆ

ಚಪ್ಪಲಿ ಕಳಚಿ, ಕೊಟ್ಟ ಸಡಿಲ ಉಡುಪು ತೊಟ್ಟು, ಪರದೆ ಎಳೆದ ಸಣ್ಣ ಅಂಕಣದೊಳಗೆ ಬೆಚ್ಚಗಿನ ಹಾಸಿಗೆಯ ಮೇಲೆ ಮಲಗುತ್ತೀರಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ತಲೆಸುತ್ತು ಬರಬಹುದು. ಬಿಸಿ ಚೀಲವನ್ನು ನರ್ಸ್ ಇಡುತ್ತಾರೆ, ಸೂಜಿಯನ್ನು ವೈದ್ಯರೇ ಹಾಕಬೇಕು. ಕೂದಲಿನಷ್ಟು ತೆಳುವಾದ ‘ಚಿಮ್’ ಸೂಜಿಗಳು ಒಮ್ಮೆ ಬಳಸಿ ಎಸೆಯುವಂಥವು, ಪೊಟ್ಟಣ ಒಡೆಯುವುದು ನಿಮ್ಮ ಕಣ್ಣೆದುರೇ ಆಗಬೇಕು. ಚುಚ್ಚಿದ ಕಡೆ ಭಾರವಾದಂತೆ, ಒಳಗೆ ಎಳೆದಂತೆ ಆದರೆ ಅದು ಸಹಜ. ಮಿಂಚು ಹೊಡೆದಂತೆ ಆದರೆ ಕೂಡಲೇ ಹೇಳಿ. ಹತ್ತು ಹದಿನೈದು ನಿಮಿಷ ಅಲ್ಲಾಡದೆ ಇರಬೇಕು, ಕೈಗೆಟುಕುವಲ್ಲಿ ಗಂಟೆಯ ಗುಂಡಿ ಇದೆಯೇ ನೋಡಿಕೊಳ್ಳಿ. ಬೆನ್ನಿನ ಮೇಲ್ಭಾಗಕ್ಕೆ ಸೂಜಿ ಹಾಕಿಸಿಕೊಂಡ ದಿನ ಉಸಿರು ಕಟ್ಟಿದಂತಾದರೆ ಅಥವಾ ಎದೆಯಲ್ಲಿ ಚುಚ್ಚುನೋವು ಬಂದರೆ ತುರ್ತು ಚಿಕಿತ್ಸೆಗೆ ಹೋಗಿ. ಸೂಜಿ ಶ್ವಾಸಕೋಶಕ್ಕೆ ತಗಲುವುದು ಅಪರೂಪವೇ ಆದರೂ ನಡೆದಿದೆ.

‘ತ್ತುಮ್’ ಎಂದರೆ ನಮ್ಮ ಮಾಚಿಪತ್ರೆಯ ಸಂಬಂಧಿಯಾದ ಗಿಡದ ಒಣ ಎಲೆಯನ್ನು ಉರಿಸಿ ಕೊಡುವ ಶಾಖ. ಬಿಸಿ ತಡೆಯಲಾಗದಿದ್ದರೆ ಸಹಿಸಿಕೊಂಡು ಮಲಗಬೇಡಿ, ಬೊಬ್ಬೆ ಏಳುತ್ತದೆ. ‘ಬುಹಾಂಗ್’ ಬಟ್ಟಲುಗಳು ಬೆನ್ನಿನ ಮೇಲೆ ನೇರಳೆ ಬಣ್ಣದ ದುಂಡು ಗುರುತು ಬಿಡುತ್ತವೆ, ಕೆಲವು ದಿನದಲ್ಲಿ ಮಾಸುತ್ತದೆ. ಚುಚ್ಚಿ ರಕ್ತ ತೆಗೆಯುವ ಬುಹಾಂಗ್ ಕೂಡ ಇದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ಬೇಡವೆನ್ನಬೇಕು.

ಮೂಲಿಕೆಯ ಸಾರವನ್ನು ಚುಚ್ಚುವ ‘ಯಾಕ್ಚಿಮ್’ ಬಗ್ಗೆ, ಅದರಲ್ಲೂ ಜೇನ್ನೊಣದ ವಿಷವನ್ನು ಬಳಸುವ ‘ಬೊಂಗ್ಚಿಮ್’ ಬಗ್ಗೆ ಎಚ್ಚರ ಬೇಕು. 2018ರಲ್ಲಿ ಬುಚಾನ್ ನಗರದಲ್ಲಿ ಸೊಂಟನೋವಿಗೆಂದು ಇದನ್ನು ಹಾಕಿಸಿಕೊಂಡ ಶಾಲಾ ಶಿಕ್ಷಕಿಯೊಬ್ಬರು ಅಲರ್ಜಿಯ ಆಘಾತಕ್ಕೊಳಗಾಗಿ ತೀರಿಕೊಂಡರು. ಮೊದಲು ಚರ್ಮದ ಮೇಲೆ ಪರೀಕ್ಷೆ ಮಾಡುತ್ತೀರಾ, ಅಲರ್ಜಿಯಾದರೆ ಕೊಡುವ ಅಡ್ರಿನಲಿನ್ ಇಲ್ಲಿದೆಯೇ ಎಂದು ಕೇಳಿ. ಜೇನುಹುಳು ಕಚ್ಚಿದಾಗ ಮೈಯೆಲ್ಲ ಊದಿಕೊಂಡ ಅನುಭವವಿದ್ದವರು ಇದರ ಸಹವಾಸಕ್ಕೇ ಹೋಗಬಾರದು. ಸಾದಾ ಸೂಜಿಯಿಂದ ಆಗುವ ಕೆಲಸಕ್ಕೆ ನಾನಂತೂ ಇದನ್ನು ಒಪ್ಪಿಕೊಂಡಿಲ್ಲ.

ಕಷಾಯ, ಪಥ್ಯ ಮತ್ತು ಸಸ್ಯಾಹಾರಿಗಳ ಪ್ರಶ್ನೆ

ಈಗಿನ ಕೊರಿಯಾದಲ್ಲಿ ಮಡಕೆಯಲ್ಲಿ ಕುದಿಸುವವರು ಕಡಿಮೆ. ಚಿಕಿತ್ಸಾಲಯವೇ ಕುದಿಸಿ, ಒಂದೊಂದು ಹೊತ್ತಿನದನ್ನು ಒಂದೊಂದು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಪೆಟ್ಟಿಗೆಯಲ್ಲಿ ತುಂಬಿ ಮನೆಗೆ ಕಳಿಸುತ್ತದೆ. ಇಪ್ಪತ್ತು ‘ಚೊಪ್’, ಅಂದರೆ ಇಪ್ಪತ್ತು ಪೊಟ್ಟಣದ ಮೂಲಿಕೆ ಸೇರಿದರೆ ಒಂದು ‘ಜೆ’, ಅಳತೆ ನಡೆಯುವುದು ಈ ಲೆಕ್ಕದಲ್ಲಿ. ಫ್ರಿಜ್‌ನಲ್ಲಿಟ್ಟು, ಕುಡಿಯುವ ಮೊದಲು ಬಿಸಿನೀರಿನಲ್ಲಿ ಚೀಲವನ್ನು ಅದ್ದಿ ಬೆಚ್ಚಗೆ ಮಾಡಿಕೊಳ್ಳಬೇಕು. ಬಣ್ಣ ಕಾಫಿಯದು, ರುಚಿ ನಮ್ಮ ಅಜ್ಜಿಯರ ಕಷಾಯದ್ದೇ, ಬೆಲ್ಲ ಮರೆತಂತೆ ಅಷ್ಟೆ. ಹಂದಿಮಾಂಸ, ಮೈದಾ, ಮದ್ಯ ಬಿಡಿ ಎನ್ನುವ ಪಥ್ಯವನ್ನೂ ಹೇಳುತ್ತಾರೆ. ಪಥ್ಯವೆಂಬ ಮಾತಿಗೆ ನಮ್ಮವರಿಗೆ ವಿವರಣೆ ಬೇಕಿಲ್ಲ.

ನಮ್ಮವರಿಗೆ ವಿವರಣೆ ಬೇಕಾದದ್ದು ಇನ್ನೊಂದಿದೆ. ಕಷಾಯವೆಂದರೆ ಬೇರು, ತೊಗಟೆ, ಶುಂಠಿ ಎಂದು ನಂಬಿ ಸಸ್ಯಾಹಾರಿಗಳು ನಿಶ್ಚಿಂತೆಯಿಂದ ಕುಡಿಯುತ್ತಾರೆ. ಆದರೆ ಶಕ್ತಿವರ್ಧಕ ಯೋಗಗಳಲ್ಲಿ ‘ನೋಗ್ಯೊಂಗ್’ ಸಾಮಾನ್ಯ, ಅದು ಜಿಂಕೆಯ ಎಳೆಯ ಕೊಂಬು. ‘ಆಗ್ಯೊ’ ಕತ್ತೆಯ ಚರ್ಮದಿಂದ ಮಾಡಿದ ಅಂಟು. ‘ಜಿರ್ಯೊಂಗ್’ ಎರೆಹುಳು, ‘ಜೊನ್‌ಗಾಲ್’ ಚೇಳು, ‘ಓಗೊಂಗ್’ ಜರಿ. ಎಲ್ಲ ಯೋಗಗಳಲ್ಲೂ ಇವು ಇರುವುದಿಲ್ಲ, ಆದರೆ ಇಂಥದ್ದು ನಿಮಗೆ ಅಡ್ಡಿಯಾದೀತೆಂದು ವೈದ್ಯರು ಊಹಿಸಲಾರರು. ಅಲ್ಲಿ ಇವು ಆಹಾರವಲ್ಲ, ಔಷಧ. ನಾನು ಮಾಂಸ ತಿನ್ನುವುದಿಲ್ಲ ಎಂದಷ್ಟೇ ಹೇಳಿದರೆ ಸಾಲದು, ಪ್ರಾಣಿಯಿಂದ ಬಂದ ಯಾವ ಮೂಲವಸ್ತುವೂ ಬೇಡ ಎಂದು ಬಿಡಿಸಿ ಹೇಳಿ. ಬದಲಿ ಮೂಲಿಕೆ ಹಾಕಿಕೊಡುವುದಕ್ಕೆ ಅವರು ಬೇಸರಪಡುವುದಿಲ್ಲ.

ಪದಾರ್ಥಗಳ ಪಟ್ಟಿಯನ್ನು ಬರೆಸಿಕೊಳ್ಳಿ. ಜ್ಯೇಷ್ಠಮಧು ಅವರ ‘ಗಾಮ್ಚೊ’. ಎಲ್ಲದರಲ್ಲೂ ತಲೆಹಾಕುವ ಮನುಷ್ಯನನ್ನು ಔಷಧದಂಗಡಿಯ ಗಾಮ್ಚೊ ಎಂದು ಕೊರಿಯನ್ನರು ಗೇಲಿಮಾಡುವಷ್ಟು ಅದು ಬಹಳಷ್ಟು ಯೋಗಗಳಲ್ಲಿ ಇರುತ್ತದೆ. ಬಹುಕಾಲ ಸೇವಿಸಿದರೆ ರಕ್ತದೊತ್ತಡ ಏರಿಸುತ್ತದೆ, ಪೊಟ್ಯಾಸಿಯಮ್ ಇಳಿಸುತ್ತದೆ. ತೂಕ ಇಳಿಸುವ ಕಷಾಯಗಳಲ್ಲಿ ‘ಮಾಹ್ವಾಂಗ್’ ಇರುವುದುಂಟು, ಅದರಲ್ಲಿರುವ ಎಫಿಡ್ರಿನ್ ಎದೆಬಡಿತವನ್ನು ಹೆಚ್ಚಿಸುತ್ತದೆ, ಸ್ಪರ್ಧೆಯಲ್ಲಿರುವ ಕ್ರೀಡಾಪಟುಗಳಿಗೆ ನಿಷಿದ್ಧ. ‘ಬುಜಾ’ ನಮ್ಮ ವತ್ಸನಾಭಿಯ ಜಾತಿಯದು, ಶುದ್ಧಿಮಾಡದಿದ್ದರೆ ವಿಷ. ಜೆಗಿ-ದೊಂಗ್ ನಿಲ್ದಾಣದ ಬಳಿಯ ಸೋಲ್‌ನ ಮೂಲಿಕೆ ಪೇಟೆಯನ್ನು ಸುತ್ತಾಡಿ ಬನ್ನಿ, ವಾಸನೆಗಾದರೂ ಹೋಗಬೇಕಾದ ಜಾಗ ಅದು. ಆದರೆ ಅಲ್ಲಿಂದ ಬಿಡಿ ಬೇರುಗಳನ್ನು ಕಟ್ಟಿಸಿಕೊಂಡು ಬಂದು ಮನೆಯಲ್ಲಿ ಕುದಿಸುವ ಸಾಹಸ ಬೇಡ.

ಕಷಾಯ ಶುರುಮಾಡಿದ ಮೇಲೆ ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಮೈ ತುರಿಸಿದರೆ ನಿಲ್ಲಿಸಿ, ಪಟ್ಟಿ ಹಿಡಿದು ಅಲೋಪತಿ ಆಸ್ಪತ್ರೆಗೆ ಹೋಗಿ.

ಕಾಗದಪತ್ರ, ತಕರಾರು, ಊರಿಗೆ ಒಯ್ಯುವುದು

ರಶೀದಿ ಮತ್ತು ಖರ್ಚಿನ ವಿವರಪಟ್ಟಿಯನ್ನು ಪ್ರತಿ ಬಾರಿ ಕೇಳಿ ಪಡೆಯಿರಿ, ಕಂಪನಿಯ ವಿಮೆಗೆ ಬೇಕಾಗುತ್ತದೆ. ಭಾರತದ ಪಾಲಿಸಿಯಲ್ಲಿ ‘ಆಯುಷ್’ ಚಿಕಿತ್ಸೆಗೆ ರಕ್ಷಣೆ ಇದೆಯೆಂದು ನಂಬಿಕೊಂಡಿರಬೇಡಿ, ಆ ಪಟ್ಟಿಯಲ್ಲಿ ಕೊರಿಯಾದ ಪದ್ಧತಿ ಇಲ್ಲ. ಚಿಕಿತ್ಸೆಯಿಂದ ತೊಂದರೆಯಾಗಿ ಮಾತುಕತೆಯಲ್ಲಿ ಬಗೆಹರಿಯದಿದ್ದರೆ 2012ರಲ್ಲಿ ಆರಂಭವಾದ ಕೊರಿಯಾ ವೈದ್ಯಕೀಯ ವಿವಾದ ಸಂಧಾನ ಸಂಸ್ಥೆಗೆ ವಿದೇಶಿಯರೂ ಅರ್ಜಿ ಹಾಕಬಹುದು. ಆಗಲೂ ಕೈಹಿಡಿಯುವುದು ಆ ರಶೀದಿಗಳೇ.

ರಜೆಗೆ ಬೆಂಗಳೂರಿಗೆ ಹೊರಟಾಗ ಅರ್ಧ ಉಳಿದ ಕಷಾಯದ ಚೀಲಗಳನ್ನು ಕೈಚೀಲದಲ್ಲಿ ಇಟ್ಟುಕೊಳ್ಳಬೇಡಿ, ಅವು ಬಹುತೇಕ 100 ಮಿಲಿಲೀಟರ್ ಮಿತಿಯನ್ನು ಮೀರಿರುತ್ತವೆ. ಚೀಟಿಯ ಪ್ರತಿಯೊಂದಿಗೆ, ಬಟ್ಟೆ ಸುತ್ತಿ, ಚೆಕ್-ಇನ್ ಲಗೇಜಿನಲ್ಲಿಡಿ. ಚಿನ್ನದ ಹಾಳೆ ಸುತ್ತಿದ ‘ಗೊಂಗ್‌ಜಿನ್‌ದಾನ್’ ಗುಳಿಗೆಯನ್ನು ಉಡುಗೊರೆಯಾಗಿ ಕೊಟ್ಟರೆ ಒಯ್ಯಬೇಡಿ. ಅದರ ಮೂಲ ಯೋಗದಲ್ಲಿ ಕಸ್ತೂರಿ ಇರುತ್ತದೆ, ಕಸ್ತೂರಿಮೃಗದ ವಸ್ತುಗಳ ಸಾಗಾಟಕ್ಕೆ ಅಂತರರಾಷ್ಟ್ರೀಯ ಕಟ್ಟುಪಾಡುಗಳಿವೆ, ಭಾರತದ ವನ್ಯಜೀವಿ ಕಾನೂನೂ ಕಠಿಣ. ‘ನಿನ್ನ ಸೊಂಟ ವಾಸಿಯಾಯಿತಲ್ಲ, ಅದೇ ಔಷಧಿ ನನ್ನ ಮಂಡಿಗೂ ತಾ’ ಎಂದು ಊರಿನಲ್ಲಿ ಅತ್ತೆಯೋ ಚಿಕ್ಕಪ್ಪನೋ ಕೇಳಿಯೇ ಕೇಳುತ್ತಾರೆ. ಆ ಕಷಾಯವನ್ನು ಕುದಿಸಿದ್ದು ನಿಮ್ಮ ನಾಡಿ ನೋಡಿ, ಅವರದ್ದನ್ನಲ್ಲ ಎಂದು ನಯವಾಗಿ ಹೇಳಿ, ಬದಲಿಗೆ ಒಂದು ಶೀಶೆ ಯುಜಾ ಹಣ್ಣಿನ ಚಹಾ ಒಯ್ಯಿರಿ. ಅದನ್ನೂ ಚೆಕ್-ಇನ್ ಲಗೇಜಿನಲ್ಲೇ.